ಸೊನ್ನೆಯಲ್ಲಿದ್ದ ಘಾತಕ

ಮೀಟಿಂಗ್ ಇದ್ದದ್ದು ಹನ್ನೊಂದಕ್ಕೆ. ಅವನು ಒಂಬತ್ತೂಕಾಲಿಗೇ ಬಂದು ತನ್ನ ಜಾಗದಲ್ಲಿ ಕೂತಿದ್ದ. ನೆಲ ಒರೆಸುವವಳೊಬ್ಬಳನ್ನು ಬಿಟ್ಟರೆ ಆಫೀಸಿನಲ್ಲಿ ನರಪಿಳ್ಳೆಯಿರಲಿಲ್ಲ. ಅವಳು ಒರೆಸುವ ಕೋಲಿನಿಂದ ಅವನ ಕುರ್ಚಿಯ ಕಾಲನ್ನು ಮೆಲ್ಲಗೆ ತಟ್ಟಿದಳು, ಅವನು ಎರಡೂ ಕಾಲೆತ್ತಿ ಹಿಡಿದ, ಅವಳು ಒರೆಸಿಕೊಂಡು ಕಿಟಕಿಯ ಸಾಲಿನ ಕಡೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ತಿರುಗಿ ನೋಡಿ, 'ಒಣಗಿದೆ, ಕಾಲು ಇಳಿಸಿ ಸಾರ್' ಎಂದಾಗಲೇ ತಾನಿನ್ನೂ ಕಾಲೆತ್ತಿಕೊಂಡು ಕೂತಿದ್ದೇನೆಂದು ಅವನಿಗೆ ತಿಳಿದದ್ದು. ನಗಬೇಕಿತ್ತು, ನಗು ಬರಲಿಲ್ಲ. ಬೆಳಗ್ಗೆ ಸ್ನಾನಕ್ಕೂ ಮೊದಲು, ಮಂಚದ ಕೆಳಗಿನ ಸೂಟ್‌ಕೇಸಿನಿಂದ ಹಳೆಯ ಲ್ಯಾಪ್‌ಟಾಪನ್ನು ಎಳೆದು, ಕೀಲು ಮುರಿದ ಅದರ ಮುಚ್ಚಳವನ್ನು ಗೋಡೆಗೆ ಒರಗಿಸಿ, ನೋಡಬೇಕಾದದ್ದನ್ನು ಅವನು ನೋಡಿ ಮುಗಿಸಿದ್ದ. ಮೂರು ವರ್ಷದ ಹಿಂದಿನ ಒಂದು ಮಂಗಳವಾರ, ಮಧ್ಯಾಹ್ನ ಎರಡು ನಲವತ್ತು. ಹದಿನಾಲ್ಕನೇ ಸಾಲು. ಸಾಲಿನ ಪಕ್ಕದಲ್ಲಿ ಅವನದೇ ಹೆಸರು.

ಆ ಸಾಲಿನಲ್ಲಿದ್ದದ್ದು ಒಂದು ಪದ, ಒಂದು ಅಂಕಿ. ಘಾತಕ, ಸೊನ್ನೆ. ಅವರು ಮಾಡುತ್ತಿದ್ದ ಆಟ ಒಂದು ಹಡಗಿನದು. ಒಂಬತ್ತು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಹಡಗಿನಲ್ಲಿ ಆಡುತ್ತಾರೆ. ಒಬ್ಬ ಕಪ್ತಾನ, ಒಬ್ಬ ವೈದ್ಯ, ಒಬ್ಬ ಅಡುಗೆಯವ, ಉಳಿದವರು ನಾವಿಕರು, ಅವರ ನಡುವೆ ಯಾರಿಗೂ ಗುರುತು ಸಿಗದ ಒಬ್ಬ ಘಾತಕ. ಕೋಡಿನ ಒಳಗೆ ಮಾತ್ರ ಇವರಾರೂ ಇಲ್ಲ. ಅಲ್ಲಿ ಆಟಗಾರನೆಂದರೆ ಬರಿಯ ಒಂದು ನಂಬರು, ಮೈಯಿಲ್ಲ, ಮುಖವಿಲ್ಲ. ಆ ನಂಬರಿಗೆ ಒಂದೊಂದೇ ತುಂಡನ್ನು ಅಂಟಿಸುತ್ತ ಹೋಗಬೇಕು. ನಿಂತ ಜಾಗ ಒಂದು ತುಂಡು, ಉಳಿದಿರುವ ಜೀವ ಒಂದು ತುಂಡು, ಕೈಯಲ್ಲಿ ಹಿಡಿದದ್ದು ಒಂದು ತುಂಡು, ಪಾತ್ರ ಒಂದು ತುಂಡು. ಕಾಂಪೊನೆಂಟ್ ಎನ್ನುತ್ತಾರೆ. ಪಾತ್ರದ ತುಂಡಿನೊಳಗೆ ಇರುವುದು ಒಂದೇ ಒಂದು ಅಂಕಿ. ಯಾವ ಅಂಕಿ ಯಾವ ಪಾತ್ರ ಎಂಬ ಪಟ್ಟಿಯನ್ನು ಅವನು ಕಂಪನಿ ಸೇರಿದ ಮೊದಲ ವಾರ ಬರೆದಿದ್ದ. ಘಾತಕನನ್ನು ಓಡಿಸಿ ನೋಡುವ ಆತುರವಿತ್ತು, ಮೊದಲು ಅವನನ್ನೇ ಬರೆದ, ಪಟ್ಟಿ ಶುರುವಾಗುವುದು ಸೊನ್ನೆಯಿಂದ. ಈ ಕಸುಬಿನಲ್ಲಿ ಮೊನ್ನೆ ಮೊನ್ನೆ ಕಣ್ಣುಬಿಟ್ಟವರಿಗೂ ಗೊತ್ತಿರುವ ವಿಷಯವೆಂದರೆ, ಏನೂ ತುಂಬದೆ ಬಿಟ್ಟ ಜಾಗವನ್ನು ಯಂತ್ರ ಸೊನ್ನೆ ಎಂದೇ ಓದಿಕೊಳ್ಳುತ್ತದೆ, ಆದ್ದರಿಂದ ಸೊನ್ನೆಯ ಎದುರಿಗೆ 'ಯಾರೂ ಅಲ್ಲ' ಎಂದು ಬರೆದಿಟ್ಟು ಮುಂದೆ ಹೋಗಬೇಕು. ಅವನಿಗೂ ಗೊತ್ತಿತ್ತು. ಆಮೇಲೆ ಸರಿಮಾಡೋಣ ಅಂದುಕೊಂಡ. ಆ ಆಮೇಲೆ ಅನ್ನುವುದು ಮೂರು ವರ್ಷ ಬರಲೇ ಇಲ್ಲ.

ಬಂದದ್ದು ನಿನ್ನೆ. ಆಟವನ್ನು ಮೊದಲ ಸಲ ಹೊರಗಿನವರಿಗೆ ತೋರಿಸುವ ದಿನ. ಒಂಬತ್ತು ಜನ ಹೆಸರುವಾಸಿ ಆಟಗಾರರು, ನೋಡುವುದಕ್ಕೆ ಸಾವಿರಾರು ಮಂದಿ. ಇಪ್ಪತ್ತನೇ ನಿಮಿಷದಲ್ಲಿ ಸಂಪರ್ಕ ಒಂದು ಗಳಿಗೆ ಕಡಿದು ಮತ್ತೆ ಕೂಡಿತು. ಆಫೀಸಿನೊಳಗೆ ಆಡಿ ನೋಡುವಾಗ ಅದು ಒಮ್ಮೆಯೂ ಕಡಿದಿರಲಿಲ್ಲ. ಹೊರಗೆ ಬಿದ್ದವರು ಒಬ್ಬೊಬ್ಬರಾಗಿ ಹಡಗಿಗೆ ವಾಪಸ್ಸು ಬಂದರು. ಆಟ ನಡೆಸುವ ಸರ್ವರ್ ಅವರಿಗೆಲ್ಲ ಹೊಸ ನಂಬರು ಕೊಟ್ಟು, ಜಾಗ ಅಂಟಿಸಿ, ಜೀವ ಅಂಟಿಸಿ, ಪಾತ್ರದ ತುಂಡನ್ನು ಖಾಲಿ ಅಂಟಿಸಿತು. ಎಂಟು ಜನ ಘಾತಕರಾಗಿ ಎದ್ದು ಕೂತರು. ಸಂಪರ್ಕ ಕಡಿಯದೆ ಉಳಿದವನು ಅಡುಗೆಯವನೊಬ್ಬನೇ. ಎಂಟು ಜನರೂ, ಹಡಗಿಗೆಲ್ಲ ತಾನೊಬ್ಬನೇ ಘಾತಕನೆಂಬ ಭರವಸೆಯಲ್ಲಿ, ಚೂರಿ ಮರೆಮಾಡಿಕೊಂಡು ಕಳ್ಳಹೆಜ್ಜೆ ಹಾಕುತ್ತ ಒಬ್ಬರ ಹಿಂದೊಬ್ಬರು ಮೆರವಣಿಗೆ ಹೊರಟರು. ಅಡುಗೆಯವನು ತಟ್ಟೆ ತೊಳೆಯುತ್ತಿದ್ದ. ನೋಡುತ್ತಿದ್ದವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಸಂಜೆಯ ಹೊತ್ತಿಗೆ ಆ ಮೆರವಣಿಗೆಯ ತುಣುಕು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಆಟವನ್ನು ಮಾರುಕಟ್ಟೆಗೆ ತರಬೇಕಿದ್ದ ದೊಡ್ಡ ಕಂಪನಿಯವರು 'ಮತ್ತೆ ಯಾವಾಗಲಾದರೂ ಮಾತಾಡೋಣ' ಎಂದು ಒಂದೇ ಸಾಲಿನ ಪತ್ರ ಕಳಿಸಿ ಸುಮ್ಮನಾದರು.

ಹತ್ತೂವರೆಗೆ ಮೇಷ್ಟ್ರು ಬಂದರು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಆ ಶಾಲೆ ಮುಚ್ಚಿದ ಮೇಲೆ ತಾವೇ ಕೂತು ಕೋಡ್ ಬರೆಯುವುದನ್ನು ಕಲಿತು ಈ ಕಡೆ ಬಂದವರು. ಐವತ್ತಾರು ವರ್ಷ. ಅವರ ಕೋಡು ರೂಲು ಹಿಡಿದು ಗೆರೆ ಎಳೆದ ಹಾಗಿರುತ್ತಿತ್ತು. ಚಿಕ್ಕವರು ಬೆನ್ನ ಹಿಂದೆ ಅದನ್ನು ಆಡಿಕೊಂಡು, ಕಷ್ಟ ಬಂದಾಗ ಅವರ ಮೇಜಿಗೇ ಓಡುತ್ತಿದ್ದರು. ಎರಡು ತಿಂಗಳ ಹಿಂದೆ, ಎಲ್ಲ ಕಾಂಪೊನೆಂಟುಗಳೂ ಗಂಟುಗಂಟಾಗಿ ಸೇರಿಕೊಂಡಿದ್ದ ನಾಲ್ಕು ಸಾವಿರ ಸಾಲಿನ ಹಳೆಯ ಫೈಲನ್ನು ಮೇಷ್ಟ್ರು ಯಾರೂ ಹೇಳದೆಯೇ ಕೈಗೆತ್ತಿಕೊಂಡು, ಮೂವತ್ತೊಂದು ಚಿಕ್ಕ ಫೈಲುಗಳಾಗಿ ಒಡೆದು, ಒಂದಕ್ಷರ ಆಚೀಚೆಯಾಗದಂತೆ ನಕಲು ಮಾಡಿ ಜೋಡಿಸಿದ್ದರು. ಅದೇ ವಾರ ಕಂಪನಿ ಹೊಸ ಸರ್ವರಿಗೆ ಹೋಯಿತು. ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬ ಹಳೆಯ ದಾಖಲೆ ಹಳೆಯ ಸರ್ವರಿನ ಜೊತೆಗೇ ಹೋಯಿತು. ಈಗ ಯಾರು ತೆರೆದು ನೋಡಿದರೂ ಮೂವತ್ತೊಂದು ಫೈಲಿನ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಮೇಷ್ಟ್ರ ಹೆಸರೇ. ಹಳೆಯದರ ಪ್ರತಿ ಇದ್ದದ್ದು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಮಾತ್ರ. 'ತಿಂಡಿ ಆಯ್ತೇನಪ್ಪ?' ಎಂದರು ಮೇಷ್ಟ್ರು, ದಿನಾ ಕೇಳುವ ಹಾಗೆ. ಅವನು ಆಯಿತು ಎಂದ. ಆಗಿರಲಿಲ್ಲ. ದಿನದ ಮೊದಲ ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತಲ್ಲ ಎಂದು ಅವನಿಗೆ ಒಳಗೊಳಗೇ ಆಶ್ಚರ್ಯವಾಯಿತು.

ಮೀಟಿಂಗಿನಲ್ಲಿ ಐದು ಜನ. ಕಂಪನಿ ಕಟ್ಟಿದ ಮೇಡಂ ಕೂಗಾಡುವವರಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಪಾತ್ರದ ಫೈಲನ್ನು ಗೋಡೆಯ ಪರದೆಯ ಮೇಲೆ ತೆರೆದು, ಎಡಗಡೆಯಲ್ಲಿ ಹೆಸರು ಕಾಣುವಂತೆ ಮಾಡಿದರು. ಮೇಲಿನಿಂದ ಕೆಳಗಿನವರೆಗೆ ಮೇಷ್ಟ್ರ ಹೆಸರು. ಟೆಸ್ಟ್ ಮಾಡುವ ಹುಡುಗಿ ಪೆನ್ನಿನ ತುದಿ ಕಚ್ಚುವುದನ್ನು ನಿಲ್ಲಿಸಿದಳು. ಮೇಡಂ ಅವನ ಕಡೆ ತಿರುಗಿ, 'ಪಾತ್ರದ ಕೆಲಸ ಶುರುಮಾಡಿದವರು ನೀವು. ಇದು ಮೊದಲಿಂದ ಹೀಗೇ ಇತ್ತಾ, ಇಲ್ಲಾ ಫೈಲ್ ಒಡೆಯುವಾಗ ಆಗಿದ್ದಾ? ನಿಮಗೆ ಗೊತ್ತಿರಬೇಕು' ಎಂದರು. ಪರದೆಯ ಬೆಳಕು ಅವರ ಕನ್ನಡಕದ ಒಂದು ಗಾಜಿನ ಮೇಲೆ ಬಿದ್ದು ಒಂದೇ ಕಣ್ಣು ಕಾಣುತ್ತಿತ್ತು. ಅವನು ಆ ಒಂದು ಕಣ್ಣನ್ನೇ ನೋಡುತ್ತ, 'ನೋಡಬೇಕು' ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. 'ಹಳೇದು ಈಗ ಯಾವುದೂ ಉಳಿದಿಲ್ಲ' ಎಂದು ಸೇರಿಸಿದ. ನಿಜ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಅದೇ ಅವನನ್ನು ಆಮೇಲೆ ಇಡೀ ದಿನ ಸುಟ್ಟದ್ದು. ಅವನಿಲ್ಲದೆ ಆಟ ಮುಂದೆ ಸಾಗುವ ಹಾಗಿರಲಿಲ್ಲ. ಮೇಡಂ ಹುಬ್ಬುಗಂಟಿಕ್ಕಿ ಎರಡು ಮಾತು ಆಡುತ್ತಿದ್ದರು, ಅವನು ತಲೆ ತಗ್ಗಿಸುತ್ತಿದ್ದ, ಊಟದ ಹೊತ್ತಿಗೆ ಮುಗಿದುಹೋಗುತ್ತಿತ್ತು. ಆದರೆ ಆ ಎರಡು ಮಾತನ್ನು ಎಲ್ಲರೆದುರು ಕೇಳಿಸಿಕೊಳ್ಳಬೇಕಲ್ಲ ಎಂದು ಮೈ ಹಿಡಿಯಾಗಿ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಅಷ್ಟರಲ್ಲಿ ಮೇಷ್ಟ್ರೇ ಮಾತಾಡಿದರು. 'ನನ್ನಿಂದಲೇ ಆಗಿರತ್ತೆ ಮೇಡಂ. ಯಾರೂ ಅಲ್ಲ ಅನ್ನೋ ಸಾಲು ಮೇಲೆ ಇದ್ದಿರಬೇಕು, ನಕಲು ಮಾಡುವಾಗ ಬಿಟ್ಟಿದೀನಿ. ಒಂದು ಸಾಲು ಹೋಯ್ತು ಅಂದ್ರೆ ಅಂಕಿಗಳೆಲ್ಲ ಒಂದೊಂದು ಮೇಲೆ ಸರ್ಕೊಳ್ತವೆ.' ತರಗತಿಯಲ್ಲಿ ಲೆಕ್ಕ ಬಿಡಿಸಿ ತೋರಿಸುವಷ್ಟೇ ಸ್ಪಷ್ಟವಾಗಿ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಹಾಗೆ ನಡೆದಿರಲಿಲ್ಲ, ಅಷ್ಟೇ.

ಅವನು ಚಿಕ್ಕವನಿದ್ದಾಗ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಪಿನ್ನು. ಗುಂಡುಪಿನ್ನು ಬೀಳಿಸದೆಯೇ ಅವಳು ಅಳತೆ ಕೂಗುತ್ತಿದ್ದಳು, ಹನ್ನೊಂದು ವರ್ಷದ ಅವನು ಸಿಕ್ಕಿದ ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದ, ಸಂಜೆ ಅಕ್ಕ ಅದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಉದ್ದನೆಯ ಪುಸ್ತಕಕ್ಕೆ ಇಳಿಸುತ್ತಿದ್ದಳು. ಆಸ್ಪತ್ರೆಯ ದಾದಿಯೊಬ್ಬರಿಗೆ ಆರು ಬಿಳಿ ಕೋಟು. ಅಮ್ಮ ಎದೆ ಮೂವತ್ತೆಂಟು ಎಂದಳು. ಕಿಟಕಿಯಾಚೆ ಯಾರೋ ಸೈಕಲ್ಲಿನಿಂದ ಬಿದ್ದರು, ಅವನು ಅದನ್ನು ನೋಡುತ್ತ ಮೂವತ್ನಾಲ್ಕು ಎಂದು ಬರೆದ. ಆರು ಕೋಟುಗಳೂ ಮೂವತ್ನಾಲ್ಕಕ್ಕೆ ಕತ್ತರಿಸಿಹೋದವು. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಪುಸ್ತಕದಲ್ಲಿದ್ದದ್ದು ಅಕ್ಕನ ಕೈಬರಹ. ಅಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ, 'ನಿನಗೆ ಅಂಕಿ ಹತ್ತಲ್ಲ ಕಣೇ' ಎಂದು ನಿಟ್ಟುಸಿರು ಬಿಟ್ಟಳು. ಚೀಟಿ ಅವನ ಚಡ್ಡಿಯ ಜೇಬಿನಲ್ಲಿತ್ತು. ಬಚ್ಚಲಿಗೆ ಹೋಗಿ ಅದನ್ನು ಚೂರು ಮಾಡಿ, ನೀರು ಬಿಟ್ಟು, ಕೊನೆಯ ಚೂರು ಕಣ್ಮರೆಯಾಗುವವರೆಗೂ ನಿಂತಿದ್ದ. ಇತ್ತ ಮೀಟಿಂಗಿನಲ್ಲಿ, 'ಮೇಷ್ಟ್ರೇ, ನೀವು ಸ್ವಲ್ಪ ದಿನ ಕೋಡ್ ಮುಟ್ಟಬೇಡಿ,' ಎನ್ನುತ್ತಿದ್ದರು ಮೇಡಂ. 'ಆಟಗಾರರಿಗೆ ಸಹಾಯದ ಪುಟಗಳು ಬೇಕಲ್ಲ, ಅದನ್ನ ಬರೆದುಕೊಡಿ. ತಿಂಗಳ ಕೊನೆಗೆ ನೋಡೋಣ.' ಆ ಆಫೀಸಿನಲ್ಲಿ ನೋಡೋಣ ಎಂದರೆ ಏನೆಂದು ಟೆಸ್ಟ್ ಮಾಡುವ ಹುಡುಗಿಗೂ ಗೊತ್ತಿತ್ತು. ಈ ಹಿಂದೆ ಮೂವರನ್ನು ಹಾಗೆ ನೋಡಿ ಮನೆಗೆ ಕಳಿಸಲಾಗಿತ್ತು. ಮೇಷ್ಟ್ರು 'ಆಗಲಿ' ಎಂದು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ ಹೋದರು.

ಊಟದ ಹೊತ್ತಿಗೆ ಅಕ್ಕನ ಫೋನ್ ಬಂತು. ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಮಾತಾಡಿದ. ಅವಳ ಮಗಳು ಗಣಿತದಲ್ಲಿ ನಪಾಸಾಗಿದ್ದಳು. 'ನನ್ನ ಹೊಟ್ಟೇಲಿ ಹುಟ್ಟಿ ಇನ್ನೇನಾಗ್ತಾಳೆ ಹೇಳು? ನನಗೂ ಅಂಕಿ ಹತ್ತಲಿಲ್ಲ, ಅವಳಿಗೂ ಹತ್ತಲಿಲ್ಲ. ಈಗಲೂ ಬಸ್ ನಂಬರ್ ಎರಡೆರಡು ಸಲ ನೋಡಿ ಹತ್ತೋಳು ನಾನು' ಎಂದು ಅಕ್ಕ ನಕ್ಕಳು. ನಗುತ್ತಲೇ, 'ಆರು ಕೋಟು ಹಾಳುಮಾಡಿದ ಮಹಾತಾಯಿ! ನೆನಪಿದೆಯೇನೋ ನಿನಗೆ?' ಎಂದಳು. ಮೂವತ್ತು ವರ್ಷಗಳಲ್ಲಿ ಅದು ಅವಳಿಗೆ ತಮಾಷೆಯಾಗಿತ್ತು, ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುವ ಕಥೆಯಾಗಿತ್ತು. ಅವಳು ಆ ವರ್ಷದಿಂದಲೇ ಲೆಕ್ಕದ ಪುಸ್ತಕ ಕಂಡರೆ ಎದ್ದು ಹೋಗುತ್ತಿದ್ದದ್ದು, ಮುಂದೆ ಓದುವ ಮಾತು ಬಂದಾಗ 'ನನ್ನ ಕೈಲಾಗಲ್ಲ' ಎಂದು ತಾನೇ ಬಾಗಿಲು ಹಾಕಿಕೊಂಡದ್ದು, ಎಲ್ಲವನ್ನೂ ಅವನು ಅದೇ ಮನೆಯಲ್ಲಿ ಕೂತು ಕಣ್ಣಾರೆ ನೋಡಿದ್ದ. 'ನೆನಪಿದೆ' ಎಂದ. 'ಯಾಕೋ ದನಿ ಒಂಥರಾ ಇದೆ? ಹುಷಾರಿಲ್ವಾ?' ಎಂದಳು ಅಕ್ಕ. ಹೇಳಿಬಿಡಲೇ ಎಂದುಕೊಂಡ. ನಾಲಗೆಯವರೆಗೂ ಬಂತು. ಹೇಳಿದರೆ ಅವಳಿಗೇನು ಸಿಗುತ್ತದೆ, ಹೋದ ಮೂವತ್ತು ವರ್ಷ ವಾಪಸ್ಸು ಬರುತ್ತದೆಯೇ ಎಂದು ತನಗೆ ತಾನೇ ಒಂದು ನ್ಯಾಯ ಹೇಳಿಕೊಂಡು, 'ನೆಗಡಿ ಕಣೇ' ಎಂದು ಫೋನ್ ಇಟ್ಟ. ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದದ್ದಕ್ಕೆ ಒಂಚೂರು ಸಮಾಧಾನವೂ ಆಯಿತು, ಅದು ಇನ್ನೂ ಹೇಸಿಗೆಯ ವಿಷಯ.

ಮಧ್ಯಾಹ್ನ ಪಾತ್ರದ ಫೈಲನ್ನು ಸರಿಪಡಿಸುವ ಕೆಲಸ ಅವನ ಪಾಲಿಗೇ ಬಂತು. ಸೊನ್ನೆಯಲ್ಲಿ 'ಯಾರೂ ಅಲ್ಲ'. ಒಂದರಲ್ಲಿ ಕಪ್ತಾನ, ಎರಡರಲ್ಲಿ ವೈದ್ಯ, ಹೀಗೇ ಇಳಿದು, ಕೊನೆಗೆ ಘಾತಕ. ಪಾತ್ರ ಖಾಲಿ ಇರುವ ಆಟಗಾರನನ್ನು ಹಡಗಿನ ಬಾಗಿಲಲ್ಲೇ ನಿಲ್ಲಿಸಿ, ಅವನ ಹಳೆಯ ಪಾತ್ರವನ್ನು ಹುಡುಕಿ ಕೊಡುವ ಆರು ಸಾಲು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಆದರೂ ಒಂದೂವರೆ ಗಂಟೆ ಪರದೆಯ ಮುಂದೆ ಕೂತ, ಬೇಗ ಮುಗಿದರೆ ಇದನ್ನು ಮೊದಲೇ ಬಲ್ಲವನೆಂದು ಗೊತ್ತಾಗುತ್ತದೆಯೇನೋ ಎಂಬ ಅಂಜಿಕೆಯಲ್ಲಿ. ತಿದ್ದಿದ್ದನ್ನು ಉಳಿಸಿದಾಗ ಎಡಗಡೆಯಲ್ಲಿ ಮೇಷ್ಟ್ರ ಹೆಸರು ಅಳಿದು ಅವನ ಹೆಸರು ಬಂತು. ಟೆಸ್ಟ್ ಮಾಡುವ ಹುಡುಗಿ ಹತ್ತು ಸಲ ಸಂಪರ್ಕ ಕಡಿದು ನೋಡಿ, ಹತ್ತು ಸಲವೂ ವೈದ್ಯ ವೈದ್ಯನಾಗಿಯೇ ಬಂದದ್ದನ್ನು ಕಂಡು, 'ಬಚಾವಾದ್ವಿ ಸಾರ್' ಎಂದಳು. ಮೇಡಂ ಅವನ ಮೇಜಿನವರೆಗೂ ನಡೆದು ಬಂದು, 'ನೀವೊಬ್ರು ಇದೀರಲ್ಲ, ಅದೇ ನನಗೆ ಧೈರ್ಯ' ಎಂದರು. ನಾಲ್ಕು ಮೇಜು ಆಚೆ ಮೇಷ್ಟ್ರು ಸಹಾಯದ ಪುಟ ಬರೆಯುತ್ತಿದ್ದರು. ಮೇಡಂ ಮಾತು ಅವರಿಗೆ ಕೇಳಿಸಿರಬೇಕು. ಅವರು ಇತ್ತ ನೋಡಿ, ಒಳ್ಳೆಯ ವಿದ್ಯಾರ್ಥಿಯ ಕಡೆ ತಲೆದೂಗುವ ಹಾಗೆ ತಲೆದೂಗಿದರು. ಅವನ ಕಿವಿಗಳು ಕಾದು ಕೆಂಪಾದವು. ಆಫೀಸು ಬಿಡುವ ಹೊತ್ತಿಗೆ ಹೇಳಿಯೇ ಬಿಡುವುದೆಂದು ಆಗ ಗಟ್ಟಿಮಾಡಿದ. ವಾಕ್ಯವನ್ನೂ ಜೋಡಿಸಿಕೊಂಡ. ಮೇಷ್ಟ್ರೇ, ಅದು ನಿಮ್ಮದಲ್ಲ, ನಂದು. ಇಷ್ಟೇ ಸಾಕು. ನಾಲ್ಕು ಪದ. ಮುಖ ತೊಳೆಯಲು ಹೋಗಿ ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದ, ಎರಡನೆಯ ಸಲ ಚೆನ್ನಾಗಿಯೇ ಬಂತು.

ಐದೂಮುಕ್ಕಾಲಿಗೆ ಮೆಟ್ಟಿಲಿನ ತಿರುವಿನಲ್ಲಿ ಮೇಷ್ಟ್ರೇ ಅವನಿಗಾಗಿ ಕಾಯುತ್ತಿದ್ದರು. ಕಿಟಕಿಯಿಂದ ಇಳಿಬಿಸಿಲು ಅಡ್ಡಡ್ಡಲಾಗಿ ಬಿದ್ದು ಗೋಡೆಯ ಬಣ್ಣ ಚಕ್ಕೆ ಎದ್ದದ್ದೆಲ್ಲ ಕಾಣುತ್ತಿತ್ತು. ಅವರ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. 'ಒಂದು ನಿಮಿಷ ಇದೆಯೇನಪ್ಪ? ನಿನ್ನ ಹತ್ತಿರ ಹಳೇ ಫೈಲಿಂದು ಯಾವುದಾದ್ರೂ ಪ್ರತಿ ಉಳಿದಿದೆಯಾ?' ಎಂದರು. 'ಯಾಕೆ ಮೇಷ್ಟ್ರೇ?' ಎಂದ. 'ಕೆಲಸ ಉಳಿಸಿಕೊಳ್ಳೋಕಲ್ಲಪ್ಪ. ಅದು ಹೋದ್ರೆ ಹೋಗ್ಲಿ, ಮನೆಪಾಠ ಹೇಳ್ಕೊಂಡು ಬದುಕ್ತೀನಿ.' ಅವರು ದನಿ ತಗ್ಗಿಸಿದರು. 'ಸಾಲು ಬಿಟ್ಟಿದ್ದು ದೊಡ್ಡದಲ್ಲ, ಮನುಷ್ಯ ಅಂದಮೇಲೆ ಬಿಡ್ತಾನೆ. ಆದ್ರೆ ನನಗೆ ಬಿಟ್ಟ ನೆನಪೇ ಇಲ್ಲ. ಅದೂ ಹೋಗಲಿ. ಸೊನ್ನೇಲಿ ಯಾರನ್ನೂ ಕೂರಿಸಬಾರದು ಅಂತ ನಾನೇ ಯಾರಿಗೋ ಹೇಳಿದ ಹಾಗಿದೆ. ಕುಡಿಯೋ ನೀರಿನ ಹತ್ತಿರ ನಿಂತು ಹೇಳಿದ್ದು. ಕೈಯಲ್ಲಿ ಲೋಟ ಇತ್ತು. ಆದ್ರೆ ಯಾರಿಗೆ ಹೇಳಿದೆ? ಮುಖಾನೇ ಬರ್ತಾ ಇಲ್ಲ. ಹಾಗೆ ಹೇಳಿದೋನು ನಾನೇ ಹೀಗೆ ಬರೀತೀನಾ? ಇಲ್ಲಾ ಹೇಳೇ ಇಲ್ಲ, ಹೇಳಿದೀನಿ ಅಂತ ಅನ್ನಿಸ್ತಿದೆಯಾ? ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ನಡೆಯದೇ ಇದ್ದದ್ದು ನಡೀತು ಅಂತಿದ್ದ, ಮಾಡಿದ್ದನ್ನ ಮಾಡೇ ಇಲ್ಲ ಅಂತಿದ್ದ. ಈಗ ಹೋಗಿ ಎದುರಿಗೆ ನಿಂತ್ರೆ, ಯಾರು ಬೇಕಿತ್ತು ಅಂತಾನೆ.'

ಎರಡು ವರ್ಷದ ಹಿಂದೆ, ಕುಡಿಯುವ ನೀರಿನ ಪಕ್ಕ, ಮೇಷ್ಟ್ರು ಸೇರಿದ ಮೊದಲ ತಿಂಗಳು. ಅವರು ಸಂಕೋಚದಿಂದಲೇ ಆ ಮಾತು ಹೇಳಿದ್ದರು, ಅವನು ನೀರು ಕುಡಿದು ಮುಗಿಸಿ, ನಿನ್ನೆ ಮೊನ್ನೆ ಕೋಡು ಕಲಿತವರಿಂದ ತಾನು ಕಲಿಯಬೇಕೇ ಎಂದು ಒಳಗೇ ನಕ್ಕು, 'ಆಮೇಲೆ ಮಾಡೋಣ ಬಿಡಿ' ಎಂದು ಕಾಗದದ ಲೋಟವನ್ನು ಕಸದ ಬುಟ್ಟಿಗೆ ಎಸೆದಿದ್ದ. ಮೇಷ್ಟ್ರಿಗೆ ಲೋಟ ನೆನಪಿತ್ತು, ಜಾಗ ನೆನಪಿತ್ತು, ಮಾತು ನೆನಪಿತ್ತು. ಅವರ ತಲೆ ಅವನ ತಲೆಗಿಂತ ಗಟ್ಟಿಯಾಗಿತ್ತು. ಅದನ್ನು ಅವರಿಗೆ ಹೇಳಬಲ್ಲವನು ಇಡೀ ಪ್ರಪಂಚದಲ್ಲಿ ಅವನೊಬ್ಬನೇ. ಜೋಡಿಸಿಕೊಂಡಿದ್ದ ವಾಕ್ಯ ಬಾಯಲ್ಲೇ ಇತ್ತು. ಆದರೆ ಬೆಳಗ್ಗೆ ಹೇಳಿದ್ದರೆ ಅದು ಬರಿಯ ಒಂದು ತಪ್ಪು. ಈಗ ಹೇಳಿದರೆ ಹನ್ನೊಂದು ಗಂಟೆಯಿಂದ ಐದೂಮುಕ್ಕಾಲಿನವರೆಗಿನ ಪ್ರತಿಯೊಂದು ನಿಮಿಷವನ್ನೂ ಹೇಳಬೇಕು, ತಲೆದೂಗಿಸಿಕೊಂಡದ್ದನ್ನೂ ಹೇಳಬೇಕು. 'ನಿನಗೇನಾದ್ರೂ ಹೇಳಿದ್ನಾ?' ಎಂದು ಮೇಷ್ಟ್ರು ಅವನ ಮುಖವನ್ನೇ ನೋಡುತ್ತ ಕೇಳಿದರು. ಆ ಕಣ್ಣಲ್ಲಿ ಅನುಮಾನ ಎಳ್ಳಷ್ಟೂ ಇರಲಿಲ್ಲ, ಬರಿಯ ಆಸೆ ಇತ್ತು.

'ಇಲ್ಲ ಮೇಷ್ಟ್ರೇ. ನನಗೆ ಹೇಳ್ಲಿಲ್ಲ' ಎಂದ. 'ಹಳೇ ಪ್ರತೀನೂ ಇಲ್ಲ. ಆ ಡಿಸ್ಕ್ ಹೋಗಿ ಎಷ್ಟೋ ದಿನ ಆಯ್ತು.'

ಮೆಟ್ಟಿಲ ಕೆಳಗೆ ಯಾರೋ ಜೋರಾಗಿ ಮಾತಾಡುತ್ತ ಹೊರಗೆ ಹೋದರು. 'ಹಾಗಾದ್ರೆ ಸರಿ,' ಎಂದು ಮೇಷ್ಟ್ರು ಕೈಗಂಬಿಯನ್ನು ಹಿಡಿದುಕೊಂಡರು. 'ಮೂರು ವರ್ಷದ ನಿನ್ನ ಕೆಲಸಾನ ಎಲ್ಲರ ಮುಂದೆ ನಗೆಪಾಟಲು ಮಾಡ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಪ್ಪ.' ನಟನೆಯಲ್ಲ, ನಿಜವಾಗಿಯೂ ಅವನಿಗೆ ಆ ಮುದುಕರ ಮೇಲೆ ಮರುಕ ಹುಟ್ಟಿತು. ಅವರ ಭುಜದ ಮೇಲೆ ಕೈಯಿಟ್ಟು, 'ಅಯ್ಯೋ, ಆಗತ್ತೆ ಬಿಡಿ ಮೇಷ್ಟ್ರೇ. ನಾನೇನೂ ಅಂದ್ಕೊಂಡಿಲ್ಲ' ಎಂದ. ತನ್ನ ದನಿ ಎಷ್ಟು ಮೆತ್ತಗಿದೆ, ಎಷ್ಟು ಒಳ್ಳೆಯವನ ದನಿಯಂತಿದೆ ಎಂದು ಅವನಿಗೇ ಕೇಳಿಸಿತು. ನಿಲ್ಲಿಸಬಹುದಿತ್ತು. 'ಆದ್ರೆ ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ. ಇಂಥದ್ದು ಮೊದಲೇ ಗೊತ್ತಾದ್ರೆ ಒಳ್ಳೇದು' ಎಂದ.

'ನಾನೂ ಅದೇ ಅಂದ್ಕೊಂಡೆ,' ಎಂದರು ಮೇಷ್ಟ್ರು. 'ನೀನೂ ಹಾಗೇ ಹೇಳ್ತಿದೀಯ ಅಂದ್ರೆ ತೋರಿಸಲೇಬೇಕು.'

'ನನಗೆ ಗೊತ್ತಿರೋರು ಒಬ್ರಿದ್ದಾರೆ. ಶನಿವಾರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ.'

ಮೇಷ್ಟ್ರ ಕಣ್ಣು ಒದ್ದೆಯಾಯಿತು. ನೋಟ್‌ಬುಕ್ಕು ತೆರೆದು, ಜೇಬಿನಿಂದ ಪೆನ್ನು ತೆಗೆದು, ಬರೆಯಲು ಹೋದವರು ತಡೆದು ಎರಡನ್ನೂ ಅವನ ಕಡೆಗೆ ಚಾಚಿದರು. 'ನೀನೇ ಬರೆದುಕೊಡಪ್ಪ. ನಾನು ಬರೆದ್ರೆ ಎಲ್ಲಿ ತಪ್ಪಾಗತ್ತೋ.' ಅವನು ನೋಟ್‌ಬುಕ್ಕನ್ನು ಗೋಡೆಗೆ ಒತ್ತಿ ಹಿಡಿದು, ಶನಿವಾರ, ಬೆಳಗ್ಗೆ ಹತ್ತು ಗಂಟೆ ಎಂದು ಬರೆದ. ಅವರಿಗೆ ಓದಲು ಕಷ್ಟವಾಗದಿರಲೆಂದು ಅಕ್ಷರಗಳ ಮೇಲೆ ಇನ್ನೊಂದು ಸಲ ಪೆನ್ನು ತಿದ್ದಿ ದಪ್ಪ ಮಾಡಿಕೊಟ್ಟ.